ತಪ್ಪಿದ ಅಂಕಿಯ ಸಾಕ್ಷ್ಯ

ಪ್ರೌಢಶಾಲೆಯಲ್ಲಿಯೂ ಆನಂತರ ಪದವಿಪೂರ್ವ ತರಗತಿಗಳಲ್ಲಿಯೂ ಭೌತಶಾಸ್ತ್ರದ ಪ್ರಯೋಗಗಳನ್ನು ಮಾಡಿಸುತ್ತ ಬಂದ ನನ್ನಲ್ಲಿ ಕ್ರಮೇಣ ಬೇರೂರಿದ ಅಭಿಪ್ರಾಯವೊಂದುಂಟು: ಪುಸ್ತಕದಲ್ಲಿ ಅಚ್ಚಾಗಿರುವ ಉತ್ತರವೇ ಕೈಗೆ ಬಂದಾಗ ವಿದ್ಯಾರ್ಥಿಯು ಕಲಿಯುವುದಕ್ಕಿಂತ, ಅದು ಬಾರದೆ ಬೇರೊಂದು ಅಂಕಿ ಬಂದಾಗ, ಆ ಅಂಕಿ ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋಗುವಲ್ಲಿ ಕಲಿಯುವುದೇ ಅಧಿಕ. ಆದುದರಿಂದಲೇ ತಪ್ಪಿದ ಅಂಕಿಯನ್ನು ರಬ್ಬರಿನಿಂದ ಉಜ್ಜಿ ಹಾಕುವುದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ಸರಳ ಲೋಲಕದ ಪ್ರಯೋಗವನ್ನೇ ನೋಡಬಹುದು. ಕಬ್ಬಿಣದ ಸ್ಟ್ಯಾಂಡು, ನಡುವೆ ಸೀಳಿದ ಬಿರಡೆ, ಅದರ ಸೀಳಿನಲ್ಲಿ ಬಿಗಿಯಾಗಿ ಸಿಕ್ಕಿಸಿದ ದಾರ, ದಾರದ ತುದಿಯಲ್ಲಿ ಹಿತ್ತಾಳೆಯ ಗುಂಡು, ಒಂದು ಮೀಟರುಪಟ್ಟಿ, ಒಂದು ಸ್ಟಾಪ್‌ವಾಚು, ಇಷ್ಟೇ ಸಾಮಗ್ರಿ. ದಾರವನ್ನು ಸರಳಿಗೆ ಸುಮ್ಮನೆ ಗಂಟುಹಾಕದೆ ಬಿರಡೆಯಲ್ಲಿ ಸಿಕ್ಕಿಸುವುದು ಏತಕ್ಕೆಂದರೆ, ತೂಗುವ ಬಿಂದು ಖಚಿತವಾಗಿದ್ದಲ್ಲದೆ ಉದ್ದವೂ ಖಚಿತವಾಗಲಾರದು. ಗುಂಡು ನಿಶ್ಚಲವಾಗಿ ನಿಲ್ಲುವ ಸ್ಥಾನದ ಹಿಂದೆ ಸೀಮೆಸುಣ್ಣದ ಗೆರೆಯೊಂದನ್ನೆಳೆದು, ಗುಂಡು ಆ ಗೆರೆಯನ್ನು ದಾಟುವ ಕ್ಷಣದಲ್ಲಿಯೇ ಎಣಿಕೆ ನಡೆಯಬೇಕೆಂದು ನಾನು ಒತ್ತಿ ಹೇಳುವುದುಂಟು; ಏಕೆಂದರೆ ಅಲ್ಲಿ ಅದರ ವೇಗ ಅತ್ಯಧಿಕ, ದಾಟುವ ಕ್ಷಣ ಸ್ಪಷ್ಟ; ತುದಿಯಲ್ಲಿಯಾದರೋ ಗುಂಡು ತಡವರಿಸಿ ಹಿಂದಿರುಗುವಂತೆ ತೋರುವುದರಿಂದ ಕಣ್ಣಿಗೆ ಆ ಕ್ಷಣ ಸಿಕ್ಕುವುದಿಲ್ಲ.

ಒಮ್ಮೆ ಒಬ್ಬ ವಿದ್ಯಾರ್ಥಿನಿಗೆ ಗುರುತ್ವ ವೇಗೋತ್ಕರ್ಷದ ಬೆಲೆ 10.8 ಎಂದು ಬಂದಿತು. ಪಕ್ಕದ ಮೇಜಿನವರಿಗೆಲ್ಲ 9.7, 9.8 ಎಂದು ಬಂದಿದ್ದುದರಿಂದ ಆಕೆ ಕಂಗೆಟ್ಟು, ಇಪ್ಪತ್ತು ಆಂದೋಲನಗಳ ಕಾಲವೆಂದು ತಾನು ಬರೆದಿದ್ದ 38.2 ಸೆಕೆಂಡನ್ನು ಅಳಿಸಲು ಸಿದ್ಧಳಾಗಿದ್ದಳು. “ಅಳಿಸಬೇಡಮ್ಮಾ, ನನ್ನೆದುರಿಗೆ ಇನ್ನೊಮ್ಮೆ ಎಣಿಸು” ಎಂದೆ. ವಾಚನ್ನು ಒತ್ತಿದೊಡನೆಯೇ ಆಕೆಯ ಬಾಯಿಂದ “ಒಂದು” ಎಂಬ ಮಾತು ಹೊರಟಿತು. ವಾಚು ಹೊರಡುವಾಗ ಸೊನ್ನೆಯೆನ್ನಬೇಕು. ಒಂದು ಎಂದರೆ, ಇಪ್ಪತ್ತಕ್ಕೆ ನಿಲ್ಲಿಸುವ ವೇಳೆಗೆ ಲೋಲಕ ಹತ್ತೊಂಬತ್ತೇ ಆಂದೋಲನಗಳನ್ನು ಮುಗಿಸಿರುತ್ತದೆ. ಆಂದೋಲನ ಕಾಲದ ವರ್ಗ ಸೂತ್ರದ ಛೇದದಲ್ಲಿರುವುದರಿಂದ, ಇಪ್ಪತ್ತನ್ನು ಹತ್ತೊಂಬತ್ತರಿಂದ ಭಾಗಿಸಿ ವರ್ಗ ಮಾಡಿದರೆ ದೊರೆಯುವ 1.108ರಷ್ಟು ಪಾಲು ಉತ್ತರ ಹಿಗ್ಗುತ್ತದೆ, 9.78 ಇದ್ದದ್ದು 10.8 ಆಗುತ್ತದೆ. 38.2 ಸೆಕೆಂಡನ್ನು ಹತ್ತೊಂಬತ್ತರಿಂದಲೇ ಭಾಗಿಸಿ ನೋಡೆಂದಾಗ ಸರಿಯಾದ ಬೆಲೆ ಆಕೆಯ ಕಣ್ಣೆದುರಿಗೇ ಬಂದು ನಿಂತಿತು. ವಾಚಿನ ಅಂಕಿಯಲ್ಲಿ ಯಾವ ದೋಷವೂ ಇರಲಿಲ್ಲ. ಆಕೆ ಅದನ್ನು ಅಳಿಸಿ ಪಕ್ಕದವರ ಅಂಕಿಯನ್ನು ಬರೆದುಕೊಂಡಿದ್ದರೆ ದೋಷವೆಲ್ಲಿತ್ತೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಹೀಗೆ ಒಂದೊಂದು ದೋಷಕ್ಕೂ ಅದರದೇ ಆದ ಗುರುತುಂಟೆಂಬುದು ಬಹುಕಾಲದ ಅಭ್ಯಾಸದಿಂದ ನನಗೆ ಮನದಟ್ಟಾಗಿದೆ. ಹುಡುಗರು ಉತ್ಸಾಹದಿಂದ ಗುಂಡನ್ನು ಮೂವತ್ತು ಡಿಗ್ರಿಗಳಷ್ಟು ದೂರ ಎಳೆದು ಬಿಟ್ಟರೆ ಆಂದೋಲನ ಕಾಲ ಸುಮಾರು ಶೇಕಡಾ 1.7ರಷ್ಟು ಹೆಚ್ಚಿ, ಉತ್ತರ 9.5ಕ್ಕಿಂತ ತುಸು ಕೆಳಗಿಳಿಯುತ್ತದೆ. ಗುಂಡಿನ ತ್ರಿಜ್ಯವನ್ನು ಸೇರಿಸದೆ ಬರಿಯ ದಾರದ ಉದ್ದವನ್ನಷ್ಟೇ ಹಿಡಿದು, ಉದ್ದಕ್ಕೂ ಆಂದೋಲನ ಕಾಲದ ವರ್ಗಕ್ಕೂ ನಕ್ಷೆಯನ್ನೆಳೆದರೆ, ಗೆರೆ ನೇರವಾಗಿಯೇ ಬಂದರೂ ಮೂಲಬಿಂದುವಿನ ಮೂಲಕ ಹಾಯದೆ, ಉದ್ದದ ಅಕ್ಷವನ್ನು ತ್ರಿಜ್ಯದಷ್ಟು ಹಿಂದಕ್ಕೆ ಕತ್ತರಿಸುತ್ತದೆ. ಗೆರೆಯ ಇಳಿಜಾರಿನಿಂದ ದೊರೆಯುವ ಬೆಲೆಗೆ ಮಾತ್ರ ಯಾವ ಬಾಧೆಯೂ ಇಲ್ಲ. ನಕ್ಷೆಯನ್ನೆಳೆಯುವುದು ಕೇವಲ ಅಂಕಗಳಿಗಾಗಿ ಎಂದು ಭಾವಿಸಿದ್ದ ಎಷ್ಟೋ ಮಂದಿ ಇದನ್ನು ಕಂಡಮೇಲೆ ಅಭಿಪ್ರಾಯವನ್ನು ಬದಲಾಯಿಸಿಕೊಂಡಿದ್ದಾರೆ.

ವ್ಯತ್ಯಾಸವೆಲ್ಲವೂ ಮಾಡುವವನ ಅಜಾಗರೂಕತೆಯಿಂದಲೇ ಹುಟ್ಟುವುದೆಂದು ತಿಳಿಯಬಾರದು. ಅನುರಣನ ಕೊಳವೆಯ ಬಾಯಿಯ ಮೇಲೆ 512 ಹರ್ಟ್ಸ್‌ನ ಶ್ರುತಿಕವೆಯನ್ನು ಹಿಡಿದು ನೀರಿನ ಮಟ್ಟವನ್ನು ಮೆಲ್ಲಗೆ ಇಳಿಸುತ್ತ ಹೋದರೆ, ಸುಮಾರು 16 ಸೆಂಟಿಮೀಟರಿನ ಬಳಿ ಧ್ವನಿ ಒಮ್ಮೆಲೇ ತುಂಬಿಕೊಂಡು ಬರುತ್ತದೆ. ಮೊದಲ ಸಲ ಅದನ್ನು ಕೇಳಿದ ಮಕ್ಕಳ ಮುಖದಲ್ಲಿ ಮೂಡುವ ಬೆರಗು ನನಗೆ ಇಂದಿಗೂ ಹಳೆಯದಾಗಿಲ್ಲ. ಆ ಒಂದೇ ಉದ್ದವನ್ನು ನಾಲ್ಕರಿಂದಲೂ ಆವೃತ್ತಿಯಿಂದಲೂ ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ 328 ಮೀಟರಿನ ಆಸುಪಾಸಿಗೆ ಬಂದು, ಇರಬೇಕಾದುದಕ್ಕಿಂತ ಕಡಮೆಯಾಗುತ್ತದೆ. ಅಳತೆ ನಿರ್ದುಷ್ಟವಾಗಿದ್ದರೂ ಈ ಕೊರತೆ ತಪ್ಪುವುದಿಲ್ಲ. ಕಂಪಿಸುವ ವಾಯುಸ್ತಂಭವು ಕೊಳವೆಯ ಬಾಯಿಗೇ ಮುಗಿಯದೆ, ಅದರ ವ್ಯಾಸದ ಸುಮಾರು 0.3ರಷ್ಟು ಹೊರಗೂ ಚಾಚಿಕೊಂಡಿರುವುದೇ ಇದಕ್ಕೆ ಕಾರಣ. ನೀರನ್ನು ಇನ್ನೂ ಇಳಿಸಿ, 50 ಸೆಂಟಿಮೀಟರಿನ ಹತ್ತಿರ ಎರಡನೆಯ ಅನುರಣನವನ್ನು ಹಿಡಿದು, ಎರಡು ಉದ್ದಗಳ ವ್ಯತ್ಯಾಸದಿಂದ ಲೆಕ್ಕ ಮಾಡಿದರೆ ಆ ಚಾಚಿಕೆ ಕಳೆದುಹೋಗಿ ವೇಗ 348ರ ಸಮೀಪಕ್ಕೆ ಬರುತ್ತದೆ.

ಇಂಥ ವ್ಯತ್ಯಾಸವೊಂದು ಭೂಮಿಯ ಆಕಾರವನ್ನೇ ತಿಳಿಸಿಕೊಟ್ಟಿತು. 1672ರಲ್ಲಿ ಜ್ಯಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞನು ದಕ್ಷಿಣ ಅಮೆರಿಕದಲ್ಲಿ ಸಮಭಾಜಕಕ್ಕೆ ಸಮೀಪವಾದ ಕಯೆನ್ನಿನಲ್ಲಿದ್ದಾಗ, ಪ್ಯಾರಿಸ್ಸಿನಲ್ಲಿ ಸರಿಹೊಂದಿಸಿದ ಲೋಲಕ ಗಡಿಯಾರವು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಗಮನಿಸಿ, ಗಡಿಯಾರ ಕೆಟ್ಟಿತೆಂದು ಕೈಬಿಡದೆ ಅದನ್ನು ದಾಖಲಿಸಿದನು. ಭೂಮಿಯು ಸಮಭಾಜಕದಲ್ಲಿ ಉಬ್ಬಿದೆಯೆಂಬ ತನ್ನ ವಾದಕ್ಕೆ ನ್ಯೂಟನ್ನನು ಈ ವೀಕ್ಷಣೆಯನ್ನು ಬಳಸಿಕೊಂಡನು. ಗುರುತ್ವ ವೇಗೋತ್ಕರ್ಷದ ಪ್ಯಾರಿಸ್ಸಿನ ಬೆಲೆ 9.81, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ, 900 ಮೀಟರು ಎತ್ತರದಲ್ಲಿರುವ ನಮ್ಮ ಬೆಂಗಳೂರಿನದು 9.78. ಶಾಲೆಯ ಲೋಲಕದಿಂದ ಇಷ್ಟು ಸೂಕ್ಷ್ಮವಾದ ಅಂತರವನ್ನು ನಿಶ್ಚಯಿಸುವುದು ದುಸ್ತರವೇ ಸರಿ. ಆದರೂ ಬೆಂಗಳೂರಿನ ಮಗುವೊಂದು 9.78 ಎಂದು ಬರೆದು ತಂದಾಗ ಅದನ್ನು 9.81 ಎಂದು ತಿದ್ದಿಸುವುದು ಅನ್ಯಾಯ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಪ್ರಯೋಗದ ದಿನ ಕರಿಹಲಗೆಯ ಮೇಲೆ ಉತ್ತರವನ್ನು ಮೊದಲೇ ಬರೆಯದಿರಿ. ರಫ್ ಪುಸ್ತಕದಲ್ಲಿ ಮಸಿಯಿಂದಲೇ ಬರೆಯಿಸಿ; ತಪ್ಪಾದುದನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆಯಿಸಿ. ಪರೀಕ್ಷಕರಾಗಿ ಹೋದಾಗ ರೆಕಾರ್ಡಿನ ಅಂದವನ್ನು ನೋಡುವುದಕ್ಕೆ ಮುನ್ನ ಆ ರಫ್ ಪುಸ್ತಕವನ್ನು ಕೇಳಿ ಪಡೆಯಿರಿ, ಮತ್ತು ತನ್ನ ಅಂಕಿ ಏಕೆ ತಪ್ಪಿತೆಂದು ಹೇಳಬಲ್ಲ ವಿದ್ಯಾರ್ಥಿಗೆ ಪೂರ್ಣ ಅಂಕಗಳನ್ನು ಕೊಡಿ.