ಮೀನಿಗೆ ಹೇನು, ಮದ್ದು ಹೊಂಡದ ತಳಕ್ಕೆ

ಹೊಂಡದ ಮೀನು ಪಳಕ್ಕನೆ ಮೇಲಕ್ಕೆ ನೆಗೆದರೆ ನೋಡಲು ಚೆಂದ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಪಕ್ಕ ಹತ್ತು ಗುಂಟೆ ಹೊಂಡ ಮಾಡಿ, ಐನೂರು ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟಿದ್ದೆ. ಆಡುತ್ತಿವೆ ಅಂದುಕೊಂಡು ಖುಷಿಪಟ್ಟೆ. ಬಲೆ ಹಾಕಲು ಹೊಳೆನರಸೀಪುರದಿಂದ ಬಂದಿದ್ದ ಹಿರಿಯರೊಬ್ಬರು ನೋಡಿ, "ಆಡ್ತಿಲ್ಲ ಗೌಡ್ರೆ, ಮೈ ಕಡೀತೈತೆ, ಅದಕ್ಕೇ ನೆಗೀತಾವೆ" ಅಂದರು.

ಒಂದು ರೋಹು ಹಿಡಿದು ತೋರಿಸಿದರು. ರೆಕ್ಕೆಯ ಬುಡದಲ್ಲಿ ಕೆಂಪು ಚುಕ್ಕೆ. ಪಕ್ಕದಲ್ಲೇ ಹೆಸರುಬೇಳೆಯಷ್ಟಗಲದ, ಚಪ್ಪಟೆಯಾದ, ಆಚೆ ಈಚೆ ಕಾಣುವಂಥ ಹುಳ ಹರಿದಾಡುತ್ತಿತ್ತು. ಇದೇ ಮೀನಿನ ಹೇನು. ಪುಸ್ತಕದ ಹೆಸರು ಆರ್ಗ್ಯುಲಸ್. ಹೆಸರಿಗೆ ಹೇನಾದರೂ ಇದು ಏಡಿ, ಸಿಗಡಿಗಳ ನೆಂಟ. ಚುಚ್ಚಿ ರಕ್ತ ಹೀರುತ್ತದೆ. ಮೀನು ದಂಡೆಗೆ, ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ, ಮೇವು ಬಿಡುತ್ತದೆ, ಗಾಯಕ್ಕೆ ಬೂಷ್ಟು ಹತ್ತಿ ಸಾಯುತ್ತದೆ. ಮೈಯಿಂದ ದಾರದ ತುಂಡು ನೇತಾಡುತ್ತಿದ್ದರೆ ಅದು ಬೇರೆ, ಲರ್ನಿಯಾ ಎಂಬ ಹುಳ. ಅದರ ತಲೆ ಮಾಂಸದೊಳಗೆ ನಾಟಿಕೊಂಡಿರುತ್ತದೆ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ರೋಗವೆಲ್ಲ ಕೆಳಗಿನ ಕರೀ ರೊಜ್ಜಿನಲ್ಲಿದೆ ಎಂದುಕೊಂಡು, ಮೀನು ಇರುವಾಗಲೇ ನಾಲ್ಕು ಆಳು ಇಳಿಸಿ ಬಾಂಡ್ಲಿಯಲ್ಲಿ ತೆಗೆಸಿದೆ. ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಮಾರನೆ ದಿನ ಬೆಳಗಾಗುವುದರೊಳಗೆ ಕಾಟ್ಲಾ ಬಹುಪಾಲು ಬೆಳ್ಳಗೆ ತೇಲುತ್ತಿದ್ದವು. ಗಾಳಿಯಾಡದ ಕೆಸರನ್ನು ಕದಡಿದರೆ ಒಳಗಿನ ಕೆಟ್ಟ ಅನಿಲ, ಅಮೋನಿಯ ನೀರಿಗೆ ಬರುತ್ತವೆ. ನೀರಲ್ಲಿದ್ದ ಆಮ್ಲಜನಕವನ್ನು ಆ ಕೆಸರೇ ಕುಡಿದುಬಿಡುತ್ತದೆ. ಹೇನು ಕೊಲ್ಲಲು ಹೋಗಿ ಮೀನು ಕೊಂದಿದ್ದೆ.

ಹೇನು ಮೊಟ್ಟೆ ಇಡುವಾಗ ಮೀನನ್ನು ಬಿಟ್ಟು ಇಳಿಯುತ್ತದೆ. ಇಡುವುದು ರೊಜ್ಜಿನಲ್ಲಲ್ಲ, ಗಟ್ಟಿ ವಸ್ತುವಿನ ಮೇಲೆ: ಕಲ್ಲು, ಬಿದಿರು, ಪಂಪಿನ ಪೈಪು. ಕಳ್ಳಬಲೆ ಬೀಳದಿರಲಿ ಎಂದು ನಾನು ಹೊಂಡಕ್ಕೆ ತೆಂಗಿನ ಗರಿ ಹಾಕಿದ್ದೆನಲ್ಲ, ಅದೇ ಅವಕ್ಕೆ ಹೆರಿಗೆ ಮನೆ! ಗರಿ ಎತ್ತಿ ನೋಡಿದರೆ ದಿಂಡಿನ ಮೇಲೆ ಸಾಲುಸಾಲು ಮೊಟ್ಟೆ ಅಂಟಿಕೊಂಡಿತ್ತು.

ಈಗ ಅದನ್ನೇ ಬಲೆ ಮಾಡಿಕೊಂಡಿದ್ದೇನೆ. ಬೇರೆಲ್ಲ ಕಸಕಡ್ಡಿ ತೆಗೆದು, ಹಳೇ ಹಲಗೆ ಎಂಟು ತುಂಡು ಹಗ್ಗ ಕಟ್ಟಿ ಇಳಿಬಿಟ್ಟಿದ್ದೇನೆ. ವಾರಕ್ಕೊಮ್ಮೆ ಎಳೆದು ಬಿಸಿಲಿಗೆ ಒಣಹಾಕಿ ಮತ್ತೆ ಇಳಿಬಿಡುವುದು. ನಮ್ಮ ಸೆಕೆಗೆ ಮೊಟ್ಟೆ ಒಡೆಯಲು ಸುಮಾರು ಎರಡು ವಾರ ಬೇಕು, ಅಷ್ಟರೊಳಗೆ ಒಣಗಿ ಸಾಯುತ್ತದೆ. ಒಂದು ವಾರ ಮರೆತರೆ ನೀವೇ ಹೇನು ಸಾಕಿದಂತೆ. ಲರ್ನಿಯಾಕ್ಕೆ ಈ ಉಪಾಯ ನಡೆಯದು.

ಬೆಂಗಳೂರಿನಲ್ಲಿ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನು ಸಾಕುವವರ ಗೋಳೂ ಇದೇ. ಅಲ್ಲಿ ಬಿಳಿಚುಕ್ಕೆ ರೋಗದ ಜೀವಿ ಮೀನಿನಿಂದ ಕಳಚಿ ಮರಳಿಗೆ ಬಿದ್ದು, ಗೂಡು ಕಟ್ಟಿ, ನೂರಾರು ಮರಿಯಾಗಿ ಏಳುತ್ತದೆ. ಮೀನನ್ನು ಬೇರೆ ತೊಟ್ಟಿಗೆ ಹಾಕಿ, ಮೊದಲಿನದನ್ನು ಆರು ವಾರಕ್ಕೂ ಹೆಚ್ಚು ಮೀನಿಲ್ಲದೆ ಬಿಡುತ್ತಾರೆ. ಮೀನಿರುವಾಗ ಮರಳನ್ನೆಲ್ಲ ಒಂದೇ ಸಲ ಬದಲಿಸಿದರೆ, ಅಮೋನಿಯ ಅರಗಿಸುವ ಒಳ್ಳೆ ಸೂಕ್ಷ್ಮಾಣುಗಳೂ ಮರಳಿನ ಜೊತೆ ಹೋಗಿ ಮೀನಿಗೇ ಕುತ್ತು.

ಹಾಗಾದರೆ ಗೋಡು ಯಾವಾಗ ತೆಗೆಯಬೇಕು? ಬೇಸಿಗೆಯಲ್ಲಿ ಮೀನೆಲ್ಲ ಹಿಡಿದ ಮೇಲೆ. ನೀರು ಪೂರ್ತಿ ಬಸಿದು, ನೆಲ ಬಿರುಕು ಬಿಡುವವರೆಗೆ ಮೂರು ನಾಲ್ಕು ವಾರ ಒಣಗಿಸಿ. ಮೂಲೆಯಲ್ಲಿ ಗುಂಡಿ ನೀರು ಉಳಿದರೂ ಅದರಲ್ಲೊಂದು ಕಾಡುಮೀನು ಇರುತ್ತದೆ, ಅದರ ಮೈಮೇಲೆ ಹೇನು ಇರುತ್ತದೆ. ಮೇಲಿನ ಕರೀ ಪದರ ಮಾತ್ರ ಕೆರೆಯಿರಿ. ಅಡಿಯ ಜೇಡಿ ಮುಟ್ಟಿದರೆ ನೀರು ಇಂಗುತ್ತದೆ. ಆಮೇಲೆ ಹತ್ತು ಗುಂಟೆಗೆ 25 ಕಿಲೋ ಸುಣ್ಣ ಎರಚಿ. ಅರಕಲಗೂಡಿನ ಕಡೆ ಹುಳಿ ಮಣ್ಣಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ, ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ತೆಗೆದ ಗೋಡು ನಮ್ಮಲ್ಲಿ ತೆಂಗಿನ ಪಾತಿಗೆ ಹೋಗುತ್ತದೆ, ಆಳಿನ ಕೂಲಿ ಅಲ್ಲೇ ಹುಟ್ಟುತ್ತದೆ.

ಅರಕಲಗೂಡಿನ ನೆಂಟರೊಬ್ಬರು, "ಹೊಗೆಸೊಪ್ಪಿನ ಪುಡಿ ಹಾಕು ಭಾವ, ಯಾವ ಹುಳವೂ ಉಳಿಯಲ್ಲ" ಅಂದರು. ನಿಜ, ಮೀನೂ ಉಳಿಯಲ್ಲ! ಆಲೂಗಡ್ಡೆಗೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಲ್ಲಿ ಹೊಂಡಕ್ಕೆ ಸುರಿಯುವವರೂ ಇದ್ದಾರೆ. ಸೈಪರ್‌ಮೆಥ್ರಿನ್‌ನಂಥವು ಹೇನಿಗೆ ಎಷ್ಟು ವಿಷವೋ ಕಾಟ್ಲಾ ತಿನ್ನುವ ನೀರುಚಿಗಟಕ್ಕೂ ಅಷ್ಟೇ ವಿಷ, ಅಳತೆ ತಪ್ಪಿದರೆ ಮೀನಿಗೂ. ಔಷಧ ಬೇಕೇ ಬೇಕೆಂದರೆ ಸತ್ತ ಮೀನನ್ನಲ್ಲ, ಬದುಕಿರುವ ಮೀನನ್ನು ಬಕೆಟ್ಟಿನಲ್ಲಿ ತೆಗೆದುಕೊಂಡು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲೋ, ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ ಕೇಳಿ.

ಹೇನು ಒಳಗೆ ಬರುವ ದಾರಿ ಮೂರು. ಗೊರೂರಿನಿಂದ ಬರುವ ಹೇಮಾವತಿ ನಾಲೆ ನೀರು, ಊರಿಂದೂರಿಗೆ ಸುತ್ತುವ ಬಲೆ, ಕೊಂಡು ತರುವ ಮರಿ. ನೀರಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಕಾಡುಮೀನಾದರೂ ನಿಲ್ಲುತ್ತದೆ. ಬಲೆಯವರಿಗೆ ಒಣಗಿಸಿದ ಬಲೆ ತರಲು ಹೇಳಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಮರಿಗಳನ್ನು ನೂರು ಲೀಟರಿಗೆ ಎರಡು ಕಿಲೋ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಬಿಡಿ. ಪಕ್ಕಕ್ಕೆ ವಾಲಿದ ತಕ್ಷಣ ಎತ್ತಿಬಿಡಬೇಕು.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದವರು ನಮಗೆ ಗೋಡಿನ ಕಾಟವಿಲ್ಲ ಎಂದು ನಿಶ್ಚಿಂತರಾಗಬೇಡಿ. ಹಾಳೆಯೂ ಗಟ್ಟಿ ವಸ್ತುವೇ. ನೀರು ಬಸಿದಾಗ ಮಡಿಕೆ, ಮೂಲೆ, ಪೈಪುಗಳನ್ನು ತೆಂಗಿನ ನಾರಿನಲ್ಲಿ ಉಜ್ಜಿ ಬಿಸಿಲಿಗೆ ಬಿಡಿ. ಪೊರಕೆ ಕಡ್ಡಿ ಬೇಡ, ಹಾಳೆ ತೂತಾಗುತ್ತದೆ.