ಮಟ್ಟಾಂಚೇರಿಯ ನೆಹೆಮಿಯಾ ಗೋರಿಗೆ ಹೋಗುವವರಿಗೆ

ಕಾಸರಗೋಡಿನಿಂದ ಬೆಳಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನಕ್ಕೆ ಎರ್ನಾಕುಲಂ ಟೌನ್ ತಲುಪಬಹುದು. ಪುರಸೊತ್ತಿದ್ದವರು ದಾರಿಯಲ್ಲಿ ಪಳಯಂಗಾಡಿಯಲ್ಲಿ ಇಳಿದು ಮಾಡಾಯಿಪ್ಪಾರೆ ಹತ್ತಲಿ. ಮುರಕಲ್ಲಿನ ಆ ಬಯಲಲ್ಲಿ ಜೂದಕುಳಂ, ಅಂದರೆ ಯಹೂದಿಗಳ ಕೊಳ, ಎಂಬ ಕೊಳವಿದೆ. ಯಹೂದಿಗಳ ನಂಟು ನಮ್ಮ ಕರಾವಳಿಗೆ ಹೊಸದಲ್ಲ; 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಮಂಗಳೂರಿನಲ್ಲೇ ವರ್ಷಗಟ್ಟಲೆ ನೆಲೆಸಿದ್ದ.

ಎರ್ನಾಕುಲಂನಿಂದ ಮಟ್ಟಾಂಚೇರಿಗೆ ಬಸ್ಸೂ ಇದೆ, ದೋಣಿಯೂ ಇದೆ. 1568ರ ಪರದೇಸಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಶುಕ್ರವಾರ ಮಧ್ಯಾಹ್ನದ ಮೇಲೆ ಮತ್ತು ಶನಿವಾರ ತೆರೆಯುವುದಿಲ್ಲ, ಆ ದಿನ ಬಿಟ್ಟು ಹೋಗಿ. ಅಲ್ಲಿಂದ ನೆಹೆಮಿಯಾ ಮೋತಾ ಅವರ ಗೋರಿಯನ್ನು ಕೇಳಿಕೊಂಡು ಹೋಗಬೇಕು. ಮನೆಗಳ ನಡುವೆ ಉಳಿದಿರುವ ಒಂಟಿ ಗೋರಿ ಅದು. ಸುತ್ತ ಇದ್ದ ಮಲಬಾರಿ ಯಹೂದಿಗಳ ರುದ್ರಭೂಮಿ ಅಳಿದುಹೋಗಿದೆ. ಹೀಬ್ರೂ ಹಾಡುಗಳನ್ನು ಕಟ್ಟಿದ ಈ ಅನುಭಾವಿ ಗುರು ತೀರಿಕೊಂಡದ್ದು 1615ರಲ್ಲಿ, ಹನುಕ್ಕಾ ಹಬ್ಬದ ಮೊದಲ ದಿನ. ಗೋರಿ ಉಳಿದದ್ದು ಭಕ್ತಿಯಿಂದ ಎಂದೇ ನನ್ನ ನಂಬಿಕೆ: ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇಲ್ಲಿಗೆ ನಡೆದುಕೊಳ್ಳುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ.

ನೀವೂ ಹಚ್ಚಿ. ಆದರೆ ಬತ್ತಿಯನ್ನು ಗೋರಿಯ ಮೇಲೆ ಕೊರೆದ ಬರಹಕ್ಕೆ ತಾಗಿಸಿ ಇಡಬೇಡಿ. ಅಕ್ಷರದ ಗೆರೆಗೆ ಇಳಿದ ಮೇಣ, ಮಸಿಯನ್ನು ಆಮೇಲೆ ಯಾರಾದರೂ ಚಾಕುವಿನಿಂದ ಕೆರೆದರೆ ಮೇಣದ ಜೊತೆ ಅಕ್ಷರವೂ ಹೋಗುತ್ತದೆ. ಸೀಮೆಸುಣ್ಣ ತಿಕ್ಕಿ ಓದುವುದೂ ಬೇಡ; ಓರೆ ಬಿಸಿಲು ಬೀಳುವ ಹೊತ್ತಿಗೆ ಹೋದರೆ ಕೊರೆದ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಯಹೂದಿಗಳ ಪದ್ಧತಿಯಂತೆ ಒಂದು ಸಣ್ಣ ಕಲ್ಲಿಟ್ಟರೂ ಸಾಕು.

ಹಳೆಯ ಗೋರಿಗಳ ಜೀರ್ಣೋದ್ಧಾರಕ್ಕೆ ಹಣ ಕೊಡುವ ಮನಸ್ಸಿದ್ದವರಿಗೆ ಒಂದು ಮಾತು. ಸಿಮೆಂಟಿಗೆ ಕೊಡಬೇಡಿ. ಕೊಚ್ಚಿಯ ಮಳೆಗೆ, ಉಪ್ಪುಗಾಳಿಗೆ ಮುರಕಲ್ಲು ತೇವ ಹೀರುತ್ತದೆ, ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಮೆತ್ತಿದರೆ ನೀರು ಒಳಗೇ ನಿಂತು, ಉಪ್ಪು ಕಟ್ಟಿ, ಮೇಲ್ಪದರ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತದೆ. ಮೊದಲು ಪ್ರತಿ ಅಕ್ಷರದ ಫೋಟೊ ತೆಗೆಸಿ, ಹೀಬ್ರೂ ಬಲ್ಲವರಿಂದ ಓದಿಸಿ, ಆಮೇಲೆ ಸುಣ್ಣದ ಕೆಲಸ ತಿಳಿದ ಮೇಸ್ತ್ರಿಯನ್ನು ಕರೆಯಬೇಕು. ಅಳಿಸಿದ ಅಕ್ಷರವನ್ನು ಊಹಿಸಿ ಬಣ್ಣದಲ್ಲಿ ತಿದ್ದಿಸುವುದಂತೂ ಸಲ್ಲ.

ಇನ್ನೊಂದು ದಿನ ಕೈಯಲ್ಲಿದ್ದರೆ ಚೇಂದಮಂಗಲಂಗೆ ಹೋಗಿ. ಅಲ್ಲಿನ ಸಿನಗಾಗ್ ಮುಂದೆ 1269ರ ಸಾರಾ ಎಂಬ ಹೆಣ್ಣುಮಗಳ ಗೋರಿಕಲ್ಲು ನಿಂತಿದೆ. ತ್ರಿಶೂರು ಜಿಲ್ಲೆಯ ಮಾಳವನ್ನೂ ನೋಡಿ ಬನ್ನಿ. ಇಸ್ರೇಲಿಗೆ ಹೊರಟ ಯಹೂದಿಗಳು 1955ರಲ್ಲಿ ತಮ್ಮ ರುದ್ರಭೂಮಿಯನ್ನು ಕಾಪಾಡಿ ಎಂದು ಪಂಚಾಯತಿಗೆ ಒಪ್ಪಿಸಿದ್ದರು. ಅದೇ ನೆಲದ ಒಂದು ಭಾಗದಲ್ಲಿ ಈಗ ಕ್ರೀಡಾ ಅಕಾಡೆಮಿ ಇದೆ.