ಒಂದು ಕೈಲಿ ನಾಣ್ಯ, ಇನ್ನೊಂದರಲ್ಲಿ ಪ್ಯಾನ್

ಫ್ರಾನ್ಸಿನಲ್ಲಿ ಫೆಬ್ರವರಿ 2 ಬಂತೆಂದರೆ ಮನೆಮನೆಯಲ್ಲೂ ಕ್ರೆಪ್. ಕ್ರಿಸ್‌ಮಸ್ ಆಗಿ 40 ದಿನಕ್ಕೆ ಬರುವ ಈ ಹಬ್ಬದ ಹೆಸರು ಶಾಂದ್ಲರ್. ಮೇಣದಬತ್ತಿಗೆ ಅವರಲ್ಲಿರುವ 'ಶಾಂದೆಲ್' ಎಂಬ ಪದದಿಂದ ಬಂದದ್ದು. ಆ ಹೊತ್ತಿಗೆ ಚಳಿ ಬಿಟ್ಟಿರುವುದಿಲ್ಲ, ಆದರೆ ಹಗಲು ಉದ್ದವಾಗತೊಡಗಿರುತ್ತದೆ. ದುಂಡಗಿನ ಹೊಂಬಣ್ಣದ ಕ್ರೆಪ್ ಸೂರ್ಯನ ಹಾಗೆ ಅಂತ ಅಲ್ಲಿಯವರು ಹೇಳೋದುಂಟು.

ಈ ಸಲ ನಾವು ನಾಲ್ವರು ಇದನ್ನು ಕಲಿಯಲು ಹೊರಟೆವು. ದೋಸೆ ಹುಯ್ಯೋಕೆ ಬರುತ್ತೆ, ಇದೇನು ಮಹಾ ಅನ್ನೋ ಧೈರ್ಯ ಬೇರೆ! ಕೆಟ್ಟದ್ದೇ ಅದರಿಂದ.

ಅಳತೆ ಸುಲಭ: 250 ಗ್ರಾಂ ಮೈದಾ, 3 ಮೊಟ್ಟೆ, ಅರ್ಧ ಲೀಟರ್ ಹಾಲು, 50 ಗ್ರಾಂ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಹಾಲನ್ನು ಒಮ್ಮೆಲೇ ಸುರಿದು ಗಂಟು ಮಾಡಿಕೊಂಡೆವು. ಮೊದಲು ಮೊಟ್ಟೆ ಮತ್ತು ಸ್ವಲ್ಪವೇ ಹಾಲು ಹಾಕಿ ಗಟ್ಟಿಯಾಗಿ ಕಲಸಬೇಕು. ಗಟ್ಟಿ ಹಿಟ್ಟಿನಲ್ಲಿ ಕಲಸುವ ಬಲವೆಲ್ಲ ಗಂಟಿನ ಮೇಲೆ ಬಿದ್ದು ಒಡೆಯುತ್ತದೆ. ತೆಳು ಹಿಟ್ಟಿನಲ್ಲಿ ಗಂಟು ಜಾರಿ ತಪ್ಪಿಸಿಕೊಳ್ಳುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಮೊದಲೇ ಹೊಳೀಬೇಕಿತ್ತು.

ಆಮೇಲೆ ಹಿಟ್ಟನ್ನು ಒಂದು ಗಂಟೆ ಸುಮ್ಮನೆ ಬಿಡಬೇಕು. 'ಹುದುಗು ಬರಬೇಕಿಲ್ವಲ್ಲ, ಯಾಕೆ ಕಾಯೋದು' ಅಂತ ತಕ್ಷಣ ಹುಯ್ದೆವು. ಕ್ರೆಪ್ ರಬ್ಬರಿನಂತಾಯಿತು. ಕಲಸುವಾಗ ಮೈದಾದ ಗ್ಲುಟನ್ ಬಿಗಿದುಕೊಂಡಿರುತ್ತದೆ, ಅದು ಸಡಿಲಾಗಲು ಸಮಯ ಬೇಕು. ಅಷ್ಟರಲ್ಲಿ ಪಿಷ್ಟ ಹಾಲು ಹೀರುತ್ತದೆ, ಗುಳ್ಳೆಗಳೂ ಹೊರಟುಹೋಗುತ್ತವೆ. ಉಳಿದ ಹಿಟ್ಟನ್ನು ಮುಚ್ಚಿಟ್ಟು ಕಾದೆವು.

ಇನ್ನು ಕೈ ಅಭ್ಯಾಸ. ದೋಸೆಯ ಹಾಗೆ ಸೌಟಿನಲ್ಲಿ ತಿರುವಿದರೆ ಹರಿಯುತ್ತದೆ. ಬಿಸಿ ಪ್ಯಾನಿಗೆ ಬೆಣ್ಣೆ ಸವರಿ, ಹಿಟ್ಟು ಹಾಕಿದ ಕೂಡಲೇ ಪ್ಯಾನನ್ನೇ ಓರೆಮಾಡಿ ಸುತ್ತ ಹರಿಸಬೇಕು. ನೀರುದೋಸೆ ಮನೆಯವನೊಬ್ಬನಿದ್ದ, ಅವನಿಗೆ ಬೇಗ ಬಂತು. ಬ್ರಿಟನಿ ಪ್ರಾಂತ್ಯದಲ್ಲಾದರೆ 'ಬಿಲಿಗ್' ಎಂಬ ದೊಡ್ಡ ದುಂಡು ಕಾವಲಿಯ ಮೇಲೆ ಟಿ ಆಕಾರದ ಮರದ ಕೋಲಿನಿಂದ ಹಿಟ್ಟನ್ನು ಹರಡುತ್ತಾರೆ. ಅಲ್ಲಿನ ಖಾರದ ತಿಂಡಿ, ಬಕ್‌ವೀಟ್ ಹಿಟ್ಟಿನ ಗಾಲೆತ್, ಆಗುವುದೂ ಹೀಗೇ. ದೋಸೆಯವರ ಕೈ ಅಲ್ಲಿ ನಡೆದೀತು.

ಅಂಚು ಕಂದಾಗಿ, ಅಲುಗಾಡಿಸಿದಾಗ ಕ್ರೆಪ್ ಪ್ಯಾನಿನಲ್ಲಿ ಸರಾಗ ಜಾರಿದರೆ ಮಗುಚಬಹುದು. ಶಾಂದ್ಲರ್ ದಿನ ಒಂದು ಕೈಯಲ್ಲಿ ನಾಣ್ಯ ಹಿಡಿದು, ಇನ್ನೊಂದು ಕೈಯಿಂದ ಪ್ಯಾನ್ ಎತ್ತಿ ಕ್ರೆಪ್ಪನ್ನು ಗಾಳಿಯಲ್ಲೇ ಮಗುಚುವುದು ವಾಡಿಕೆ. ಹಿಂದೆ ಚಿನ್ನದ ನಾಣ್ಯವಂತೆ. ಸರಿಯಾಗಿ ಬಿದ್ದರೆ ವರ್ಷವಿಡೀ ದುಡ್ಡಿಗೆ ಬರವಿಲ್ಲ.

ನಾವು ಹತ್ತು ರೂಪಾಯಿ ನಾಣ್ಯ ಹಿಡಿದೆವು. ಮೊದಲಿನದು ಅರ್ಧ ಒಲೆಯ ಮೇಲೆ, ಎರಡನೆಯದು ಮಡಚಿಕೊಂಡು, ಮೂರನೆಯದು ನೆಲಕ್ಕೆ. ನಾಲ್ಕನೆಯದು ಚಪ್ಪಟೆಯಾಗಿ, ಪ್ಯಾನಿನ ನಟ್ಟನಡುವೆ ಬಿತ್ತು. ಮಗುಚಿದವನ ಕೈಯಲ್ಲಿ ನಾಣ್ಯ ಇರಲಿಲ್ಲ, ಜೇಬಿನಲ್ಲಿತ್ತು. ಅದು ಲೆಕ್ಕಕ್ಕೋ ಅಲ್ಲವೋ ಅನ್ನೋ ಜಗಳ, ಸಕ್ಕರೆ ಉದುರಿಸಿ ಅದನ್ನು ತಿಂದಾದ ಮೇಲೂ ಮುಗಿದಿಲ್ಲ.